ಲಿಂಗಾಂಬುಧಿಗೆ 200 ತುಂಬುವ ಮೊದಲು: ಮೈಸೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ರಾಮಕೃಷ್ಣನಗರದವನು. ಬೆಳಗಾದರೆ ಲಿಂಗಾಂಬುಧಿ ಕೆರೆಯ ದಂಡೆಯಲ್ಲಿ ಒಂದು ಸುತ್ತು ನಡೆಯುವುದು ಎಷ್ಟೋ ವರ್ಷದ ರೂಢಿ. ಈ ಕೆರೆಯ ಬಗ್ಗೆ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳಬೇಕಿತ್ತು.

2028ಕ್ಕೆ ಇದಕ್ಕೆ 200 ವರ್ಷ ತುಂಬುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ ಇದು. ಊರಿನವರೆಲ್ಲ ಹೊಗಳುವ ಕುಕ್ಕರಹಳ್ಳಿ ಕೆರೆ ಆಗಿನ್ನೂ ಇರಲಿಲ್ಲ. ಅದು ಬಂದದ್ದು 1864ರಲ್ಲಿ. ಅಂಬುಧಿ ಅಂದರೆ ಕಡಲು. ಕೆರೆಯ ಪಕ್ಕದಲ್ಲೇ ಮಹಾಲಿಂಗೇಶ್ವರನ ಗುಡಿ ಇದೆ. ದೇವರ ಹೆಸರಲ್ಲೂ ಲಿಂಗ, ರಾಣಿಯ ಹೆಸರಲ್ಲೂ ಲಿಂಗ, ನೀರಿನ ಹೆಸರಲ್ಲೂ ಲಿಂಗ. ಮೂರೂ ಒಟ್ಟಿಗೆ ಇರಲಿ ಅಂತಲೇ ಇಟ್ಟ ಹೆಸರು ಅನ್ನಿಸುತ್ತದೆ ನನಗೆ.

ಈಗ ಅವು ಒಟ್ಟಿಗಿಲ್ಲ. ಕೆರೆಯನ್ನು ನೋಡಿಕೊಳ್ಳುವುದು ಅರಣ್ಯ ಇಲಾಖೆ. ಪಕ್ಕದ ಸುಮಾರು 15 ಎಕರೆಯ ಸಸ್ಯೋದ್ಯಾನ ತೋಟಗಾರಿಕೆ ಇಲಾಖೆಯದು. ಗುಡಿಯದು ಬೇರೆ ಲೆಕ್ಕ. ಮೇಲಿನ ಬಡಾವಣೆಗಳ ಚರಂಡಿ ಇನ್ನೊಬ್ಬರದು. ಒಂದು ದೂರು ಹಿಡಿದು ಹೋದರೆ "ಅದು ನಮಗೆ ಬರಲ್ಲ, ಅಲ್ಲಿ ಕೇಳಿ" ಅನ್ನುವ ಉತ್ತರ ನನಗೆ ಎರಡು ಕಡೆ ಸಿಕ್ಕಿದೆ. ಯಾರ ಹೆಸರನ್ನೂ ಹೇಳುವುದಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಎಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸಬಲ್ಲವರು ನೀವೇ, ಅದಕ್ಕೇ ಈ ಪತ್ರ ನಿಮಗೆ.

ನನ್ನ ಚಿಂತೆ ನೀರಿನದು. ಜೋರು ಮಳೆ ಬಂದ ಮರುದಿನ ರಾಜಕಾಲುವೆ ಕೆರೆಗೆ ಸೇರುವ ಕಡೆ ಹೋಗಿ ನಿಂತರೆ ಮೂಗು ಮುಚ್ಚಿಕೊಳ್ಳಬೇಕು. ಹಿಂದೆ ಆ ಕಾಲುವೆಯಲ್ಲಿ ಹೊಲದ ಮೇಲಿನ ಮಳೆನೀರು ಬರುತ್ತಿತ್ತು. ಈಗ ಆ ಹೊಲಗಳೆಲ್ಲ ಸೈಟುಗಳಾಗಿವೆ. ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕಿದರೆ ಆ ಕೊಳಚೆಗೆ ಇಳಿಜಾರಿನಲ್ಲಿ ಇರುವ ದಾರಿ ಅದೊಂದೇ. ಬಟ್ಟೆ ಒಗೆದ ಸೋಪಿನ ನೀರು, ಬಚ್ಚಲ ನೀರು ಒಳಗೆ ಬಂದರೆ ಪಾಚಿಗೆ ಗೊಬ್ಬರ ಹಾಕಿದ ಹಾಗೆ. ಕೆರೆ ಹಸಿರಾಗಿ ಚೆನ್ನಾಗೇ ಕಾಣುತ್ತದೆ. ಆದರೆ ರಾತ್ರಿ ಬೆಳಕಿಲ್ಲದಾಗ ಅದೇ ಪಾಚಿ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಅದಕ್ಕೇ. ಅದನ್ನು ನೋಡಿದ ದಿನ ಮನೆಗೆ ಬಂದು ತಿಂಡಿ ತಿನ್ನಲು ಮನಸ್ಸಾಗುವುದಿಲ್ಲ ಸರ್.

ಹಾಗಿದ್ದರೂ ಹಕ್ಕಿಗಳು ಇನ್ನೂ ಈ ಕೆರೆಯನ್ನು ಬಿಟ್ಟಿಲ್ಲ. ಹೆಜ್ಜಾರ್ಲೆಗಳು ದೋಣಿ ಹಾಗೆ ತೇಲುತ್ತವೆ. ಜಂಬಿನ ಪೊದೆಯೊಳಗೆ ನೇರಳೆ ಜಂಬುಕೋಳಿ ಓಡಾಡುತ್ತದೆ. ಹಣೆಯ ಮೇಲೆ ಬಿಳಿ ನಾಮ ಎಳೆದುಕೊಂಡ ನಾಮದ ಕೋಳಿ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುವ ನೀರುಕಾಗೆ, ಬಣ್ಣದ ಕೊಕ್ಕರೆ, ಮಿಂಚುಳ್ಳಿ. ಗುಡಿಯ ಗಂಟೆಗೆ ಇವು ಬೆದರುವುದಿಲ್ಲ, ಅದು ಅವುಗಳಿಗೆ ರೂಢಿಯಾಗಿದೆ. ಮೈಕು, ಪಟಾಕಿ, ರಾತ್ರಿಯ ಫೋಕಸ್ ಲೈಟುಗಳ ಕಥೆ ಹಾಗಲ್ಲ.

ಅದಕ್ಕೇ 200ನೇ ವರ್ಷ ನೆನೆದರೆ ನನಗೆ ಸಂತೋಷದ ಜೊತೆ ಭಯವೂ ಆಗುತ್ತದೆ. ಸಂಭ್ರಮ ಅಂದಕೂಡಲೇ ಕಾರಂಜಿ, ಬಣ್ಣದ ದೀಪ, ದೋಣಿವಿಹಾರ, ಸೆಲ್ಫಿ ಪಾಯಿಂಟ್, ಟೈಲ್ಸ್ ಹಾಕಿದ ದಾರಿ ಅಂತ ಯೋಜನೆಗಳು ಶುರುವಾಗುತ್ತವೆ ಅಲ್ವಾ? ದಯವಿಟ್ಟು ಇಲ್ಲಿ ಅವು ಯಾವುವೂ ಬೇಡ. ಮಣ್ಣಿನ ದಾರಿ ಮಣ್ಣಿನದಾಗಿಯೇ ಇರಲಿ, ವಯಸ್ಸಾದವರ ಮಂಡಿಗೂ ಅದೇ ಒಳ್ಳೆಯದು. ದಂಡೆಯ ಜಂಬನ್ನು ಕಸ ಅಂತ ಪೂರ್ತಿ ಕಿತ್ತುಹಾಕಬೇಡಿ, ಹಕ್ಕಿಗಳ ಗೂಡು ಇರುವುದು ಅದರೊಳಗೇ. ಇದ್ದಷ್ಟು ಹಣವನ್ನು ಕೆರೆಯ ಹೊರಗೆ, ಕೊಳಚೆ ಒಳಬರುವ ಜಾಗದಲ್ಲಿ ಖರ್ಚು ಮಾಡಿಸಿ.

ನಾವು ಭಕ್ತರೂ ತಪ್ಪು ಮಾಡುತ್ತೇವೆ. ಮನೆಯ ಒಡೆದ ದೇವರ ಫೋಟೋ, ಗಾಜು, ಪ್ಲಾಸ್ಟಿಕ್ ಕವರಿನ ಸಮೇತ ಬಾಡಿದ ಹೂವು, ಎಲ್ಲವನ್ನೂ ನೀರಿಗೆ ಬಿಟ್ಟರೆ ಪುಣ್ಯ ಅಂದುಕೊಂಡವರು ಇದ್ದಾರೆ. ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಹಾಗೇ ಮಾಡುತ್ತಿದ್ದೆವು. ಗುಡಿಯ ಹತ್ತಿರ ಇಂಥ ವಸ್ತುಗಳಿಗೆ ಒಂದು ತೊಟ್ಟಿ ಇಟ್ಟು, ಹೂವನ್ನು ಸಸ್ಯೋದ್ಯಾನದ ಗೊಬ್ಬರಕ್ಕೆ ಕಳಿಸಬಹುದು. ಅರ್ಚಕರು ಪೂಜೆ ಮುಗಿಸಿ ಒಂದು ಮಾತು ಹೇಳಿದರೆ ನೂರು ಬೋರ್ಡಿಗಿಂತ ಜಾಸ್ತಿ ಕೆಲಸ ಆಗುತ್ತದೆ.

ಬೋರ್ಡು ಅಂದಾಗ ನೆನಪಾಯಿತು. ವಾಕಿಂಗಿಗೆ ಬರುವ ಮಕ್ಕಳನ್ನು "ಲಿಂಗಾಂಬುಧಿ ಅಂತ ಯಾಕೆ ಕರೀತಾರೆ?" ಅಂತ ನಾನು ಆಗಾಗ ಕೇಳುತ್ತೇನೆ. ಯಾರಿಗೂ ಗೊತ್ತಿರುವುದಿಲ್ಲ. ಕೆರೆಯ ಬಾಗಿಲಲ್ಲಿ ಒಂದು, ಗುಡಿಯ ಮುಂದೆ ಒಂದು ಕಲ್ಲು ನಿಲ್ಲಿಸಿ. ಲಿಂಗಾಜಮ್ಮಣ್ಣಿಯವರ ಹೆಸರು, ಇಸವಿ, ಕೆರೆಗೂ ಗುಡಿಗೂ ಇರುವ ನಂಟು, ಅಷ್ಟು ಸಾಕು. ಯಾರು ಉದ್ಘಾಟಿಸಿದರು ಅನ್ನುವ ಸಾಲು ಬೇಡ.

ಮುಂದಿನ ಮುಂಗಾರಿನ ಒಳಗೆ ಒಂದು ದಿನ ಎಲ್ಲ ಇಲಾಖೆಯವರನ್ನೂ ಕರೆದುಕೊಂಡು ಕಾಲುವೆಯನ್ನು ಕೆಳಗಿನಿಂದ ಮೇಲಿನವರೆಗೆ ನಡೆದು ನೋಡಿ. ಕೊಳಚೆ ಸೇರುವ ಒಂದೊಂದು ಜಾಗಕ್ಕೂ ಗುರುತು ಹಾಕಿಸಿ. ಯಾವುದನ್ನು ಯಾರು, ಯಾವ ತಾರೀಖಿನೊಳಗೆ ಮುಚ್ಚುತ್ತಾರೆ ಅಂತ ಬರೆಸಿ, ಆ ಕಾಗದವನ್ನು ಕೆರೆಯ ಗೇಟಿಗೆ ಅಂಟಿಸಿ. ದಿನಾ ನಡೆಯುವ ನಾವು ಅದನ್ನು ಓದುತ್ತಿರುತ್ತೇವೆ.

ಬರುವುದಾದರೆ ಬೆಳಗ್ಗೆ ಆರೂವರೆಗೆ ಬನ್ನಿ ಸರ್. ಹೆಜ್ಜಾರ್ಲೆಗಳು ಆಗ ದಂಡೆಯ ಹತ್ತಿರವೇ ಇರುತ್ತವೆ.

ಇಂತಿ ನಮಸ್ಕಾರಗಳೊಂದಿಗೆ,
ಲಿಂಗಾಂಬುಧಿ ಕೆರೆಯ ನೆರೆಯವ