ಇರಾನಿನ ಕೇಸರಿ ಮತ್ತು ಪಿಸ್ತಾದ ‘ವರ್ಷದ ದರ’ ನಿಲ್ಲಿಸುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ಬಂದರು, ಮಂಗಳೂರು
17 ನವೆಂಬರ್ 2025

ಮಾನ್ಯ ಗ್ರಾಹಕರೇ,

ಇರಾನಿನ ಕೇಸರಿಗೂ ಪಿಸ್ತಾಕ್ಕೂ ಯುಗಾದಿಯ ದಿನ ಒಂದು ದರ ಗೊತ್ತುಮಾಡಿ, ಕಾಲು ಭಾಗ ಮುಂಗಡ ಪಡೆದು, ಮುಂದಿನ ಯುಗಾದಿಯವರೆಗೂ ಅದೇ ದರದಲ್ಲಿ ಮಾಲು ಒದಗಿಸುವ ‘ವರ್ಷದ ದರ’ ಎಂಬ ಪದ್ಧತಿಯನ್ನು ನಾವು 2016ರಿಂದ ನಡೆಸಿಕೊಂಡು ಬಂದಿದ್ದೇವೆ. ಇರಾನಿನ ಪರಮಾಣು ಕಾರ್ಯಕ್ರಮದ ಕಾರಣಕ್ಕೆ ಆ ದೇಶದ ಮೇಲೆ ಮತ್ತೆ ಬಂದಿರುವ ನಿರ್ಬಂಧಗಳಿಂದಾಗಿ 2026ರ ಜನವರಿ 1ರಿಂದ ಈ ಪದ್ಧತಿಯನ್ನು ನಿಲ್ಲಿಸುತ್ತಿದ್ದೇವೆ. ಆ ದಿನದಿಂದ ಈ ಎರಡು ಸರಕುಗಳಿಗೆ ಲಾಟು (ಒಮ್ಮೆಗೆ ಬರುವ ಮಾಲಿನ ಕಂತು) ಬಂದಂತೆ ದರ ನಿಗದಿಯಾಗುತ್ತದೆ ಮತ್ತು ಒಮ್ಮೆ ಹೇಳಿದ ದರವನ್ನು ಹತ್ತು ದಿನಗಳವರೆಗೆ ಬದಲಾಯಿಸುವುದಿಲ್ಲ. ಖರ್ಜೂರ, ಗೋಡಂಬಿ, ಏಲಕ್ಕಿ ಮೊದಲಾದ ಉಳಿದ ಸರಕುಗಳ ವ್ಯವಹಾರ ಈಗಿರುವಂತೆಯೇ ಮುಂದುವರಿಯುತ್ತದೆ.

ಎರಡು ಸಾಲಿನ ಸೂಚನೆಯಲ್ಲಿ ಮುಗಿಸಬಹುದಾಗಿದ್ದ ವಿಷಯಕ್ಕೆ ಇಷ್ಟು ದೊಡ್ಡ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ದೀಪಾವಳಿಗೆ ಮೊದಲು ಮಾಲು ಕೊಳ್ಳಲು ಬಂದಿದ್ದ, ಮದುವೆ ಅಡುಗೆಯ ಹಿರಿಯ ಭಟ್ಟರೊಬ್ಬರು, “ಕೇಸರಿಗೂ ಬಾಂಬಿಗೂ ಎಂಥ ಸಂಬಂಧ ಮಾರಾಯರೇ? ಇದು ದರ ಏರಿಸುವುದಕ್ಕೆ ನೀವು ಹುಡುಕಿದ ನೆಪ ಅಲ್ಲವಾ?” ಎಂದು ನೇರವಾಗಿ ಕೇಳಿದರು. ಒಂಬತ್ತು ವರ್ಷಗಳಿಗೂ ಮೀರಿ ನಮ್ಮ ಮಾತನ್ನು ನಂಬಿ ಮುಂಗಡ ಕೊಟ್ಟವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕಾದದ್ದು ನಮ್ಮ ಕರ್ತವ್ಯ.

ನಿಜ ಹೇಳಬೇಕೆಂದರೆ, ವರ್ಷದ ದರ ಸಾಧ್ಯವಾದದ್ದೇ ಒಂದು ಪರಮಾಣು ಒಪ್ಪಂದದಿಂದ. ಇರಾನ್ ಒಂದು ಕಡೆ, ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯ ಮತ್ತು ಚೀನ ಇನ್ನೊಂದು ಕಡೆ ಕುಳಿತು 2015ರ ಜುಲೈ 14ರಂದು ವಿಯೆನ್ನಾದಲ್ಲಿ ಮಾಡಿಕೊಂಡ ಆ ಒಪ್ಪಂದದ ಪ್ರಕಾರ ಇರಾನ್ ಯುರೇನಿಯಂ ಪುಷ್ಟೀಕರಣವನ್ನು, ಅಂದರೆ ಮಿತಿಮೀರಿದರೆ ಬಾಂಬಿಗೂ ಒದಗುವಂತೆ ಅದನ್ನು ಸಾಂದ್ರಗೊಳಿಸುವ ಕೆಲಸವನ್ನು, ಶೇ 3.67ಕ್ಕೆ ಮಿತಗೊಳಿಸಬೇಕಿತ್ತು, ಪುಷ್ಟೀಕರಿಸಿದ ಯುರೇನಿಯಂನ ದಾಸ್ತಾನನ್ನು 300 ಕಿಲೋಗೆ ಇಳಿಸಬೇಕಿತ್ತು, ಅರಾಕ್‌ನ ರಿಯಾಕ್ಟರಿನ ಗರ್ಭವನ್ನು ತೆಗೆದು ಕಾಂಕ್ರೀಟು ತುಂಬಬೇಕಿತ್ತು. ಇದಕ್ಕೆ ಪ್ರತಿಯಾಗಿ ಅದರ ಮೇಲಿದ್ದ ಆರ್ಥಿಕ ನಿರ್ಬಂಧಗಳು ಸಡಿಲಗೊಳ್ಳಬೇಕಿತ್ತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೆ, 2016ರ ಜನವರಿ 16ರಂದು ನಿರ್ಬಂಧಗಳು ಸಡಿಲವಾದವು. ಮುಂದಿನ ತಿಂಗಳುಗಳಲ್ಲಿ ಇರಾನಿನ ಬ್ಯಾಂಕುಗಳು ದೇಶದೇಶಗಳ ನಡುವಿನ ಹಣ ರವಾನೆಗೆ ಬಳಸುವ ಸ್ವಿಫ್ಟ್ ಜಾಲಕ್ಕೆ ಮರಳಿದವು, ಹಡಗುಗಳಿಗೆ ವಿಮೆ ಸಿಗತೊಡಗಿತು, ದೊಡ್ಡ ಕಂಟೇನರ್ ಕಂಪನಿಗಳು ಇರಾನಿನ ಮುಖ್ಯ ಬಂದರಾದ ಬಂದರ್ ಅಬ್ಬಾಸ್‌ಗೆ ಮತ್ತೆ ಹಡಗು ಕಳಿಸತೊಡಗಿದವು. ಅದಕ್ಕೆ ಮೊದಲು ವಾರದಿಂದ ವಾರಕ್ಕೆ ದರ ಹೇಳುತ್ತಿದ್ದ ನಮ್ಮ ದುಬೈ ವರ್ತಕರು ಮೊದಲ ಬಾರಿಗೆ ವರ್ಷದ ಕರಾರಿಗೆ ಒಪ್ಪಿದ್ದು ಆಗಲೇ. ಅವರು ನಮಗೆ ಕೊಟ್ಟ ಆ ಸ್ಥಿರತೆಯನ್ನೇ ನಾವು ನಿಮಗೆ ದಾಟಿಸಿದೆವು. ನಮ್ಮ ಹೆಚ್ಚುಗಾರಿಕೆ ಅದರಲ್ಲಿ ಅಷ್ಟೇನೂ ಇರಲಿಲ್ಲ.

ನಿರ್ಬಂಧ ತೆಗೆದರೂ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2017ರಲ್ಲಿ ದುಬೈಯ ಮಧ್ಯವರ್ತಿಗಳನ್ನು ಬಿಟ್ಟು ಇರಾನಿನ ಮಶ್ಹದ್‌ನ ಕೇಸರಿ ವರ್ತಕರೊಬ್ಬರಿಂದ ನೇರವಾಗಿ ತರಿಸೋಣವೆಂದು ಹೊರಟೆವು. ಮಾಲು ಕಾನೂನುಬದ್ಧವಾಗಿತ್ತು, ಕಾಗದಪತ್ರಗಳೆಲ್ಲ ಸರಿಯಾಗಿದ್ದವು, ಆದರೆ ನಾವು ಯೂರೋದಲ್ಲಿ ಕಳಿಸಿದ ಹಣವನ್ನು ನಮ್ಮ ಬ್ಯಾಂಕು ಮೂರು ಸಲ ಹಿಂದಿರುಗಿಸಿತು. ಒಪ್ಪಂದವಾದ ಮೇಲೂ ಇರಾನಿನ ವ್ಯವಹಾರಕ್ಕೆ ಡಾಲರನ್ನು ನ್ಯೂಯಾರ್ಕ್ ಮೂಲಕ ಹಾಯಿಸುವಂತಿರಲಿಲ್ಲ. ಇರಾನ್ ಸೇರಿದಂತೆ ನಿರ್ಬಂಧಿತ ದೇಶಗಳೊಡನೆ ವ್ಯವಹರಿಸಿದ್ದಕ್ಕಾಗಿ 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕಿಗೆ ಅಮೆರಿಕ ವಿಧಿಸಿದ್ದ ಸುಮಾರು 900 ಕೋಟಿ ಡಾಲರ್ ದಂಡವನ್ನು ಯಾವ ಬ್ಯಾಂಕೂ ಮರೆತಿರಲಿಲ್ಲ, ಹಾಗಾಗಿ ಯೂರೋದ ಹಣಕ್ಕೂ ಹೆದರುತ್ತಿದ್ದವು. ಎರಡು ತಿಂಗಳು ಅಲೆದಾಡಿ, ತೆಪ್ಪಗೆ ಮತ್ತೆ ದುಬೈಗೇ ಹೋದೆವು. ನೀವು ಕೊಡುವ ದರದಲ್ಲಿ ದುಬೈಯ ಪಾಲು ಯಾಕಿದೆ ಎಂದು ಕೇಳುವವರಿಗೆ ಇದೇ ಉತ್ತರ.

ಸಡಿಲಿಕೆಯ ಫಲ ಎಲ್ಲರಿಗೂ ಒಂದೇ ರೀತಿ ಸಿಕ್ಕಿತೆಂದೂ ಹೇಳಲಾಗದು. ನಮ್ಮೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಇರಾನಿನ ಕಚ್ಚಾತೈಲವನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿದ್ದ ಸಂಸ್ಥೆ. ನಿರ್ಬಂಧದ ವರ್ಷಗಳಲ್ಲಿ ತೈಲದ ಹಣದ ಶೇ 45ರಷ್ಟನ್ನು ರೂಪಾಯಿಯಲ್ಲಿ ಯೂಕೋ ಬ್ಯಾಂಕಿನ ಖಾತೆಗೆ ಕಟ್ಟಲಾಗುತ್ತಿತ್ತು, ಉಳಿದದ್ದು ಬಾಕಿಯಾಗಿ ಬೆಳೆಯುತ್ತಿತ್ತು. 2016ರಲ್ಲಿ ಆ ಬಾಕಿ ತೀರತೊಡಗಿತು. ಮಂಗಳೂರಿನ ಬಳಿಯ ಪೆರ್ಮುದೆಯ ನೆಲದಡಿ ಕೊರೆದಿರುವ, 15 ಲಕ್ಷ ಟನ್ ಹಿಡಿಯುವ ತುರ್ತು ಸಂಗ್ರಹಕ್ಕೂ ಅದೇ ವರ್ಷ ಇರಾನಿನ ತೈಲ ಬಂದಿಳಿಯಿತು. ಆದರೆ ಆ ರೂಪಾಯಿ ಖಾತೆಯಲ್ಲಿದ್ದ ಹಣವನ್ನು ಇರಾನ್ ಭಾರತದಲ್ಲಿಯೇ ಖರ್ಚು ಮಾಡಬೇಕಾಗಿದ್ದುದರಿಂದ ನಮ್ಮ ದೇಶದ ಬಾಸ್ಮತಿ, ಚಹಾ, ಸೋಯಾ ಹಿಂಡಿ ಮಾರುವವರಿಗೆ ಒಳ್ಳೆಯ ಗಿರಾಕಿಯೊಬ್ಬರು ಸಿಕ್ಕಿದ್ದರು. ನಿರ್ಬಂಧ ಸಡಿಲವಾಗಿ ಬೇರೆ ದೇಶಗಳಿಂದಲೂ ಕೊಳ್ಳುವ ಸ್ವಾತಂತ್ರ್ಯ ಇರಾನಿಗೆ ಬಂದಾಗ, 2013-14ರಲ್ಲಿ ಸುಮಾರು 500 ಕೋಟಿ ಡಾಲರಿನಷ್ಟಿದ್ದ ನಮ್ಮ ರಫ್ತು 2016-17ರ ಹೊತ್ತಿಗೆ ಅದರ ಅರ್ಧದಷ್ಟಾಯಿತು. ತೈಲದ ಬೆಲೆ ಕುಸಿದದ್ದೂ ಅದಕ್ಕೆ ಒಂದು ಕಾರಣ. ಮಂಗಳೂರಿನ ಹಿರಿಯರಿಗೆ ಇದು ಹೊಸತೇನಲ್ಲ. 1975ರಲ್ಲಿ ಇರಾನಿನ ಷಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡುತ್ತೇನೆಂದು ಒಪ್ಪಿ ಆರಂಭವಾದ ಕುದುರೆಮುಖದ ಅದಿರು ಯೋಜನೆ 1980ರಲ್ಲಿ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ, ಕೊಳ್ಳಬೇಕಾದವರೇ ಇಲ್ಲದೆ ಪಣಂಬೂರಿನಲ್ಲಿ ಅದಿರು ಕಾದು ಕುಳಿತದ್ದನ್ನು ಅವರು ಕಂಡವರು.

2018ರ ಮೇ 8ರಂದು ಅಮೆರಿಕ ಒಪ್ಪಂದದಿಂದ ಹೊರಬಂತು. ಇರಾನಿನ ಜಮಖಾನ, ಪಿಸ್ತಾ, ಕೇವಿಯರ್‌ಗಳನ್ನು 2016ರಿಂದ ತನ್ನ ದೇಶದೊಳಕ್ಕೆ ಬಿಟ್ಟುಕೊಳ್ಳುತ್ತಿದ್ದ ಅನುಮತಿಯನ್ನು ಅದು ಅದೇ ಆಗಸ್ಟ್‌ನಲ್ಲಿ ರದ್ದುಮಾಡಿತು, ನವೆಂಬರಿನಲ್ಲಿ ತೈಲ ಮತ್ತು ಬ್ಯಾಂಕುಗಳ ಮೇಲೆ ಮತ್ತೆ ನಿರ್ಬಂಧ ಹೇರಿತು. 2019ರ ಮೇ ತಿಂಗಳಲ್ಲಿ ಭಾರತಕ್ಕೆ ಅಮೆರಿಕ ಕೊಟ್ಟಿದ್ದ ವಿನಾಯಿತಿಯೂ ಮುಗಿದು ಎಂಆರ್‌ಪಿಎಲ್‌ಗೆ ಇರಾನಿನ ತೈಲ ಬರುವುದು ನಿಂತಿತು. ಆಗಲೇ ವರ್ಷದ ದರವನ್ನು ಕೈಬಿಡಬೇಕೆಂದು ನಮ್ಮ ಪಾಲುದಾರರಲ್ಲಿ ಒಬ್ಬರು ಹೇಳಿದ್ದರು. ಉಳಿದವರು ಒಪ್ಪಲಿಲ್ಲ. ಒಪ್ಪಂದ ಕಾಗದದ ಮೇಲಾದರೂ ಉಳಿದಿತ್ತು, ವಿಶ್ವಸಂಸ್ಥೆಯ ನಿರ್ಬಂಧಗಳು ಮರಳಿರಲಿಲ್ಲ, ದುಬೈಯ ದಾರಿ ತೆರೆದೇ ಇತ್ತು. ಹಾಗಾಗಿ ನಮ್ಮ ಲಾಭವನ್ನು ಕಡಿಮೆ ಮಾಡಿಕೊಂಡು, ಕೆಲವು ವರ್ಷ ನಷ್ಟವನ್ನೂ ತಡೆದುಕೊಂಡು ಮುಂದುವರಿಸಿದೆವು. ಈಗ ಹಿಂತಿರುಗಿ ನೋಡಿದರೆ ಆ ಪಾಲುದಾರರ ಲೆಕ್ಕವೇ ಸರಿಯಾಗಿತ್ತು.

ಇಲ್ಲಿ ಒಂದು ಪ್ರಶ್ನೆಯನ್ನು ಹಲವರು ಕೇಳಿದ್ದಾರೆ: ಇರಾನಿನ ರಿಯಾಲ್ ಪಾತಾಳ ಕಂಡಿರುವಾಗ ಅಲ್ಲಿಯ ಮಾಲು ನಮಗೆ ಅಗ್ಗವಾಗಬೇಡವೇ? ಲೆಕ್ಕದಲ್ಲಿ ಹೌದು. ಆದರೆ ರಫ್ತುದಾರರು ಗಳಿಸಿದ ವಿದೇಶಿ ಹಣವನ್ನು ದೇಶದೊಳಕ್ಕೆ ತಂದು, ಪೇಟೆಯ ದರಕ್ಕಿಂತ ಕಡಿಮೆಯಾದ ಸರ್ಕಾರಿ ವಿನಿಮಯ ದರದಲ್ಲಿ ಒಪ್ಪಿಸಬೇಕೆಂದು ಅಲ್ಲಿಯ ಸರ್ಕಾರ 2018ರಿಂದ ಕಟ್ಟುನಿಟ್ಟು ಮಾಡಿತು. ಅದರಿಂದ ಒಂದಷ್ಟು ವರ್ತಕರು ಮಾಲನ್ನು ಹಿಡಿದಿಟ್ಟುಕೊಂಡರು, ಇರಾನಿನ ಖುರಾಸಾನ್ ಸೀಮೆಯ ಒಂದಷ್ಟು ಕೇಸರಿ ಗಡಿ ದಾಟಿ ಅಫ್ಘಾನಿಸ್ತಾನದ ಹೆಸರಿನಲ್ಲಿ ಪೇಟೆಗೆ ಬಂತು. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳ ಎಳೆಗಳನ್ನು ಕೈಯಿಂದಲೇ ಬಿಡಿಸಬೇಕು. ಆ ಕೆಲಸ ಮಾಡುವ ಹೆಂಗಸರಿಗೆ ರಿಯಾಲಿನ ಕುಸಿತದಿಂದ ಏನೂ ದಕ್ಕಲಿಲ್ಲ, ಕೊಳ್ಳುವ ನಿಮಗೂ ದಕ್ಕಲಿಲ್ಲ. ಹಾಗೆಂದು ದರ ಏರಿದ್ದಕ್ಕೆಲ್ಲ ನಿರ್ಬಂಧವೇ ಕಾರಣ ಎಂದು ನಾವು ಹೇಳುವುದಿಲ್ಲ. 2018ರಲ್ಲಿ ಕೆರ್ಮಾನ್ ಸೀಮೆಯ ಪಿಸ್ತಾ ಬೆಳೆಯನ್ನು ಹಾಳುಮಾಡಿದ್ದು ಹೂ ಬಿಡುವ ಹೊತ್ತಿಗೆ ಬಿದ್ದ ಹಿಮ.

ಈ ವರ್ಷ ಮಾತ್ರ ಒಂದರ ಹಿಂದೆ ಒಂದು ಹೊಡೆತ ಬಿತ್ತು. ಏಪ್ರಿಲಿನಲ್ಲಿ ಪಾಕಿಸ್ತಾನದ ಕಡೆಯ ಅಟಾರಿ ಗಡಿ ಮುಚ್ಚಿದ್ದರಿಂದ ಅಫ್ಘಾನಿಸ್ತಾನದ ಅಂಜೂರ, ದ್ರಾಕ್ಷಿ ಕೂಡ ಇರಾನಿನ ಬಂದರುಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಅದೇ ತಿಂಗಳು ಬಂದರ್ ಅಬ್ಬಾಸ್‌ನ ಶಹೀದ್ ರಜಾಯಿ ಬಂದರಿನಲ್ಲಿ ಭಾರಿ ಸ್ಫೋಟವಾಯಿತು. ಜೂನ್ 13ರಿಂದ ಹನ್ನೆರಡು ದಿನ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ನಡೆಯಿತು. ಆಗಸ್ಟ್ 28ರಂದು ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿಗಳು ಒಪ್ಪಂದದಲ್ಲಿಯೇ ಬರೆದಿದ್ದ ನಿರ್ಬಂಧಗಳನ್ನು ಮತ್ತೆ ಹೇರುವ ಕಲಮನ್ನು ಬಳಸಿದವು, ಮೂವತ್ತು ದಿನ ಕಳೆದು ಸೆಪ್ಟೆಂಬರ್ 28ಕ್ಕೆ ವಿಶ್ವಸಂಸ್ಥೆಯ ನಿರ್ಬಂಧಗಳು ಮರಳಿದವು. ರಷ್ಯ ಮತ್ತು ಚೀನ ಇದನ್ನು ಒಪ್ಪಿಲ್ಲ. ಇರಾನಿನ ಚಾಬಹಾರ್ ಬಂದರಿಗೆ ಅಮೆರಿಕ ಕೊಟ್ಟಿದ್ದ ನಿರ್ಬಂಧದ ವಿನಾಯಿತಿಯೂ ಸೆಪ್ಟೆಂಬರ್ ಕೊನೆಗೆ ಹೋಗಿ, ಅಕ್ಟೋಬರ್ ಕೊನೆಯಲ್ಲಿ ಆರು ತಿಂಗಳ ಮಟ್ಟಿಗೆ ಮತ್ತೆ ಸಿಕ್ಕಿತು.

ಭಟ್ಟರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಯಾವ ನಿರ್ಬಂಧವೂ ಇರಾನಿನ ಕೇಸರಿಯನ್ನಾಗಲಿ ಪಿಸ್ತಾವನ್ನಾಗಲಿ ಭಾರತದಲ್ಲಿ ಮಾರಬಾರದೆಂದು ಹೇಳುವುದಿಲ್ಲ. ಮರಳಿ ಬಂದಿರುವ ವಿಶ್ವಸಂಸ್ಥೆಯ ನಿರ್ಬಂಧಗಳು ಶಸ್ತ್ರಾಸ್ತ್ರ, ಕ್ಷಿಪಣಿ, ಪರಮಾಣು ಸಾಮಗ್ರಿಗಳಿಗೆ ಸಂಬಂಧಿಸಿದವು. ಆದರೆ ಸಂಶಯ ಬಂದ ಹಡಗನ್ನು ತಪಾಸಣೆ ಮಾಡಬಹುದು ಎಂಬ ಒಂದು ಮಾತು ಅದರಲ್ಲಿದ್ದರೆ ಸಾಕು, ವಿಮೆಯವರು ಹೆಚ್ಚು ಕೇಳುತ್ತಾರೆ, ಬ್ಯಾಂಕಿನವರು ತಡ ಮಾಡುತ್ತಾರೆ, ದುಬೈಯ ವರ್ತಕರು ವರ್ಷದ ಕರಾರಿಗೆ ಕೈ ಹಾಕುವುದಿಲ್ಲ. ನಮ್ಮ ವರ್ತಕರು ಅಕ್ಟೋಬರಿನಿಂದ ಹದಿನೈದು ದಿನಕ್ಕಿಂತ ಹೆಚ್ಚಿನ ದರ ಹೇಳುತ್ತಿಲ್ಲ. ನಮಗೇ ಹದಿನೈದು ದಿನದ ಭರವಸೆ ಸಿಗುತ್ತಿರುವಾಗ ನಿಮಗೆ ಒಂದು ವರ್ಷದ ಭರವಸೆ ಕೊಡುವುದು ಸುಳ್ಳು ಹೇಳಿದಂತೆ.

ಇನ್ನು ಮುಂಗಡ ಕೊಟ್ಟವರ ವಿಷಯ. ಬರುವ ಯುಗಾದಿಯವರೆಗೆ, ಅಂದರೆ 2026ರ ಮಾರ್ಚ್ 19ರವರೆಗೆ, ಕೇಸರಿಗೆ ಮುಂಗಡ ಕೊಟ್ಟವರೆಲ್ಲರಿಗೂ ಒಪ್ಪಿದ ದರದಲ್ಲಿಯೇ ಕೇಸರಿ ಸಿಗುತ್ತದೆ. ಅದಕ್ಕೆ ಬೇಕಾದಷ್ಟು ನೆಗಿನ್ ದರ್ಜೆಯ ದಾಸ್ತಾನು ನಮ್ಮಲ್ಲಿದೆ. ಪಿಸ್ತಾದಲ್ಲಿ ಹಾಗೆ ಮಾತು ಉಳಿಸಿಕೊಳ್ಳಲು ನಮ್ಮಿಂದ ಆಗುತ್ತಿಲ್ಲ, ಅದಕ್ಕಾಗಿ ವಿಷಾದಿಸುತ್ತೇವೆ. ಡಿಸೆಂಬರ್ 31ರವರೆಗಿನ ಬೇಡಿಕೆಯನ್ನು ಹಳೆಯ ದರದಲ್ಲಿ ಪೂರೈಸಿ, ಉಳಿಯುವ ಮುಂಗಡವನ್ನು ಜನವರಿ 15ರೊಳಗೆ ನಿಮ್ಮ ಖಾತೆಗೆ ಹಿಂದಿರುಗಿಸುತ್ತೇವೆ. ಹಣದ ಬದಲು ಮಾಲೇ ಬೇಕೆನ್ನುವವರು ಆ ಮೊತ್ತವನ್ನು ನಮ್ಮಲ್ಲಿಯೇ ಇಟ್ಟು ಲಾಟಿನ ದರದಲ್ಲಿ ಕೊಳ್ಳಬಹುದು. ಸೆಪ್ಟೆಂಬರ್ 22ರಿಂದ ಪಿಸ್ತಾ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರ ಲಾಭವನ್ನು ಅಂದಿನಿಂದಲೇ ಬಿಲ್ಲಿನಲ್ಲಿ ಕೊಡುತ್ತಿದ್ದೇವೆ. ಈ ಬದಲಾವಣೆಗೂ ಅದಕ್ಕೂ ಸಂಬಂಧವಿಲ್ಲ.

ಹುರಿದು ಉಪ್ಪು ಹಚ್ಚಿದ, ಸಿಪ್ಪೆಯಿರುವ ಪಿಸ್ತಾವನ್ನು ಜನವರಿಯಿಂದ ಕ್ಯಾಲಿಫೋರ್ನಿಯಾದಿಂದ ಬಂದದ್ದನ್ನೇ ಕೊಡಲಿದ್ದೇವೆ. ಅದು ಗಾತ್ರದಲ್ಲಿ ದೊಡ್ಡದು, ರುಚಿಯಲ್ಲಿ ಸ್ವಲ್ಪ ಸಪ್ಪೆ ಎಂಬುದು ನಮ್ಮ ಅಭಿಪ್ರಾಯ. ಕುತೂಹಲವಿದ್ದವರಿಗೆ ಒಂದು ಮಾತು: ಅಲ್ಲಿ ಬಹುಕಾಲ ಬೆಳೆದು ಬಂದ ಮುಖ್ಯ ತಳಿಯ ಹೆಸರೇ ‘ಕೆರ್ಮಾನ್’. 1929ರ ಸುಮಾರಿಗೆ ಅಮೆರಿಕದ ಸಸ್ಯವಿಜ್ಞಾನಿಯೊಬ್ಬರು ಇರಾನಿನಿಂದ ಆರಿಸಿ ತಂದ ಬೀಜದಿಂದ ಅದು ಹುಟ್ಟಿತು. ಇರಾನಿನ ಪಿಸ್ತಾಕ್ಕೆ ಅಮೆರಿಕದ ಬಾಗಿಲು ಮುಚ್ಚಿದ ವರ್ಷಗಳಲ್ಲಿಯೇ ಆ ತೋಟಗಳು ಹಬ್ಬಿದವು. ಸಿಹಿತಿಂಡಿಗೆ ಬಳಸುವ, ಸಿಪ್ಪೆ ಬಿಡಿಸಿದ ಹಸಿರು ತಿರುಳಿಗೆ ಮಾತ್ರ ಇರಾನಿನದಕ್ಕೆ ಸಮನಾದದ್ದು ನಮಗೆ ಸಿಕ್ಕಿಲ್ಲ. ಆದ್ದರಿಂದ ಅದನ್ನು ಲಾಟಿನ ದರದಲ್ಲಿ ತರಿಸುತ್ತಲೇ ಇರುತ್ತೇವೆ. ಬರ್ಫಿಯ ಬಣ್ಣಕ್ಕಾಗಿ ಅದನ್ನೇ ಕೇಳುವ ಅಂಗಡಿಯವರು ಬೇಕಾದ ತೂಕವನ್ನು ಹತ್ತು ದಿನ ಮೊದಲು ತಿಳಿಸಿದರೆ ಅನುಕೂಲ.

ಕೇಸರಿಯ ಡಬ್ಬಿಗಳ ಮೇಲೆ ಜನವರಿಯಿಂದ ಮೂಲ ದೇಶದ ಜೊತೆಗೆ ಲಾಟಿನ ಸಂಖ್ಯೆಯೂ ಇರುತ್ತದೆ. ದರ ಏರಿದಾಗ ಇರಾನಿನ ಕೇಸರಿಯನ್ನು ಕಾಶ್ಮೀರದ ಪಾಂಪೋರಿನದೆಂದು ಮಾರುವ ಚಾಳಿ ಪೇಟೆಯಲ್ಲಿ ಹೆಚ್ಚಾಗುತ್ತದೆ. ಇದರಿಂದ 2020ರಲ್ಲಿ ಭೌಗೋಳಿಕ ಗುರುತು ಪಡೆದ ಕಾಶ್ಮೀರದ ಬೆಳೆಗಾರರಿಗೂ ಅನ್ಯಾಯ, ಕೊಳ್ಳುವವರಿಗೂ ಮೋಸ. ನಮ್ಮಲ್ಲಿ ಕಾಶ್ಮೀರದ ಮೊಗ್ರಾ, ಇರಾನಿನ ನೆಗಿನ್, ಅಫ್ಘಾನಿಸ್ತಾನದ ಹೆರಾತಿನ ಕೇಸರಿ ಮೂರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟಿದ್ದೇವೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಯಾರು ಬೇಕಾದರೂ ಬಂದು, ಬಿಸಿನೀರಿಗೆ ಎರಡೆಳೆ ಹಾಕಿ ನೋಡಿ ಕೊಳ್ಳಬಹುದು. ಮುಂಗಡದ ರಸೀದಿ ಕಳೆದುಕೊಂಡವರು ಗಾಬರಿಯಾಗಬೇಕಿಲ್ಲ, ಲೆಕ್ಕದ ಪುಸ್ತಕದಲ್ಲಿ ಎಲ್ಲರ ಹೆಸರೂ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಪಾಲುದಾರರ ಪರವಾಗಿ, ವ್ಯವಸ್ಥಾಪಕ