ಷೇರುಪೇಟೆ ಬಿಡುವ ಕಂಪನಿ ನಮಗೆ ಕನ್ನಡದಲ್ಲಿ ತಿಳಿಸಲಿ

ಮಾನ್ಯ ಸಂಪಾದಕರೇ,

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿ ಇರುವ ನಿವೃತ್ತ ಕನ್ನಡ ಅಧ್ಯಾಪಿಕೆ. ದೊಡ್ಡ ಊರುಗಳಲ್ಲೆಲ್ಲ ಮಳಿಗೆ ಇಟ್ಟಿರುವ ಒಂದು ಸಿದ್ಧ ಉಡುಪಿನ ಕಂಪನಿಯ 300 ಷೇರುಗಳು ನನ್ನ ಹೆಸರಿನಲ್ಲಿವೆ. 2018ರಲ್ಲಿ ಒಂದಕ್ಕೆ 212 ರೂಪಾಯಿಯಂತೆ 63,600 ರೂಪಾಯಿ ಕೊಟ್ಟು ಕೊಂಡದ್ದು. ಈಗ ಅದರ ಬೆಲೆ 38 ರೂಪಾಯಿ. ಆ ಕಂಪನಿ ಷೇರುಪೇಟೆಯಿಂದ ಹೊರಹೋಗಲು, ಅಂದರೆ ಡೀಲಿಸ್ಟ್ ಆಗಲು ಹೊರಟಿದೆ. ಲಾಭ ಬಂದಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆ, ಆದ್ದರಿಂದ ನಷ್ಟದ ಬಗ್ಗೆ ಯಾರನ್ನೂ ದೂರುವುದಿಲ್ಲ. ನನ್ನ ಸಂಕಟ ಬೇರೆಯದು.

ಮಗಳ ಮದುವೆಯ ಜವಳಿಗೆಂದು ಮಂಗಳೂರಿಗೆ ಹೋಗಿದ್ದಾಗ ನಮ್ಮವರು ಆ ಮಳಿಗೆಯಲ್ಲಿ ಒಂದು ನೀಲಿ ಅಂಗಿ ಕೊಂಡಿದ್ದರು. ಅವರ ತಂದೆ ಹೊಲಿಗೆ ಕೆಲಸ ಮಾಡಿದವರು. ಮನೆಗೆ ಬಂದದ್ದೇ ನಮ್ಮವರು ಅಂಗಿಯನ್ನು ಮಗುಚಿ, ಬೆಳಕಿಗೆ ಹಿಡಿದು, ಕಂಕುಳಿನ ಹೊಲಿಗೆಯನ್ನು ಬೆರಳಿನಲ್ಲಿ ಎಳೆದು ನೋಡಿದರು. "ಒಳಬದಿಯನ್ನೂ ಇಷ್ಟು ಚೊಕ್ಕ ಮಾಡಿದವರು ಕೆಟ್ಟವರಾಗಿರಲಾರರು" ಎಂದರು. ನನ್ನ ಪಿಂಚಣಿಯ ಉಳಿತಾಯದಿಂದ ಷೇರು ಕೊಂಡದ್ದು ಆ ಒಂದು ಮಾತಿನ ಮೇಲೆ. ಅವರು ಈಗಿಲ್ಲ. ಅಂಗಿ ಇದೆ, ಕಾಲರು ಇನ್ನೂ ಸವೆದಿಲ್ಲ.

ಹೋದ ತಿಂಗಳು ಆಸ್ಪತ್ರೆಗೆಂದು ಮಂಗಳೂರಿಗೆ ಹೋದವಳು ಆ ಮಳಿಗೆಗೂ ಹೋದೆ. ಮೇಲಿನ ಮಹಡಿಗೆ ಹಗ್ಗ ಕಟ್ಟಿದ್ದರು. ಅರ್ಧ ದೀಪ ಉರಿಯುತ್ತಿತ್ತು. ಅಂಗಿಗಳ ಸಾಲಿನಲ್ಲಿ ತೀರಾ ಸಣ್ಣದು, ತೀರಾ ದೊಡ್ಡದು ಎರಡೇ ಅಳತೆ ಉಳಿದಿತ್ತು, ನಡುವಿನದ್ದು ಯಾವುದೂ ಇಲ್ಲ. ಮಾರುವ ಹುಡುಗಿಗೆ ಕುಳಿತುಕೊಳ್ಳಲು ಒಂದು ಸ್ಟೂಲೂ ಇರಲಿಲ್ಲ. ಕಂಪನಿಗೆ ಕಷ್ಟಕಾಲ ಬಂದಿದೆ ಎಂಬುದಕ್ಕೆ ಲೆಕ್ಕಪತ್ರ ನೋಡಬೇಕಾಗಿಲ್ಲ.

ಕಷ್ಟಕಾಲದಲ್ಲಿ ಜೊತೆಗಿದ್ದವರನ್ನು, ಬೆಲೆ ನೆಲ ಕಚ್ಚಿದ ಹೊತ್ತಿಗೇ ಹೊರಗೆ ಕಳಿಸುವುದು ಸರಿಯೇ? ಹೊರಹೋಗುವಾಗ ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಇರುವ ಒಡೆಯರು, ನಮ್ಮ ಷೇರು ಕೊಳ್ಳಬೇಕು. ಅದಕ್ಕೆ ಇಡುವ ತಳಬೆಲೆಯ, ಎಂದರೆ ಕನಿಷ್ಠ ಬೆಲೆಯ, ಲೆಕ್ಕದಲ್ಲಿ ಕಳೆದ 60 ವಹಿವಾಟು ದಿನಗಳ ಸರಾಸರಿ ಬೆಲೆಯೂ ಬರುತ್ತದೆ. ಪೇಟೆಯಲ್ಲಿ ಬೆಲೆ ಕುಸಿದಷ್ಟೂ ಆ ಸರಾಸರಿ ಇಳಿಯುತ್ತದೆ. ನಾಳೆ ಮಳಿಗೆಗಳಲ್ಲಿ ಮತ್ತೆ ದೀಪ ಹತ್ತಿದರೆ ಅದರ ಫಲ ನಮಗಿಲ್ಲ.

ಹಾಗೆಂದು ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. ಇದು ನನಗೆ ಗೊತ್ತಾಗಲು ನಾಲ್ಕು ಸಂಜೆ ಹಿಡಿಯಿತು. ಕಂಪನಿ ಕಳಿಸಿದ ನೋಟಿಸು 41 ಪುಟ, ಎಲ್ಲವೂ ಇಂಗ್ಲಿಷ್. 'ಟೆಂಡರ್' ಎಂಬ ಒಂದು ಪದದಲ್ಲೇ ಸಿಕ್ಕಿಬಿದ್ದೆ. ಪಂಚಾಯತಿನ ರಸ್ತೆ ಟೆಂಡರ್ ಗೊತ್ತು, ಎಳನೀರಿಗೆ ಟೆಂಡರ್ ಅನ್ನುವುದೂ ಗೊತ್ತು. ಷೇರನ್ನು ಮಾರಲು ಒಪ್ಪಿಸುವುದಕ್ಕೂ ಅದೇ ಪದವೆಂದು ಡಿಕ್ಷನರಿ ತೆಗೆದು, ಮಗಳಿಗೆ ಫೋನು ಮಾಡಿ ತಿಳಿಯಬೇಕಾಯಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ, ನನ್ನ ಹಾಗಿರುವವರಿಗೆ ಉಪಯೋಗವಾದೀತು.

ಷೇರುಪೇಟೆಯ ಮೇಲೆ ನಿಗಾ ಇಡುವ ಸಂಸ್ಥೆಯಾದ ಸೆಬಿಯ 2021ರ ಡೀಲಿಸ್ಟಿಂಗ್ ನಿಯಮದಂತೆ ಮೊದಲು ಷೇರುದಾರರ ಮತ ಕೇಳಬೇಕು. ಪ್ರವರ್ತಕರನ್ನು ಬಿಟ್ಟು ಉಳಿದವರಲ್ಲಿ ಬೇಡ ಎಂದವರ ಮತಕ್ಕಿಂತ ಬೇಕು ಎಂದವರ ಮತ ಕನಿಷ್ಠ ಎರಡು ಪಟ್ಟು ಇರಬೇಕು. ಅಂದರೆ ಬೇಡ ಎನ್ನುವ ಒಂದು ಷೇರಿಗೆ ಬೇಕು ಎನ್ನುವ ಎರಡು ಷೇರು ಬರಬೇಕು. ಮತ ಹಾಕದೆ ಕುಳಿತವರು ಈ ಲೆಕ್ಕದಲ್ಲೇ ಇಲ್ಲ. ನಮ್ಮಂಥವರು ಹೆಚ್ಚಾಗಿ ಕುಳಿತೇ ಇರುತ್ತೇವೆ.

ಮತ ಗೆದ್ದ ಮೇಲೆ ಬೆಲೆಯ ಪ್ರಶ್ನೆ. ಮಾರುವವರೇ ತಮ್ಮ ಬೆಲೆ ಬರೆದು ಕೊಡುವ ಪದ್ಧತಿಯೊಂದಿದೆ, ರಿವರ್ಸ್ ಬುಕ್ ಬಿಲ್ಡಿಂಗ್ ಎನ್ನುತ್ತಾರೆ. ನಮ್ಮ ಕಂಪನಿ ಇದನ್ನೇ ಆರಿಸಿದೆ. ಯಾವ ಬೆಲೆಗೆ ಪ್ರವರ್ತಕರ ಪಾಲು ಶೇ. 90 ಮುಟ್ಟುತ್ತದೋ, ಪ್ರವರ್ತಕರು ಒಪ್ಪಿದರೆ ಅದೇ ಎಲ್ಲರಿಗೂ ಸಿಗುವ ಬೆಲೆ. ಅಡಿಕೆ ಬೆಳೆಯುವ ಮನೆಯವಳು ನಾನು. ಜೀವಮಾನವಿಡೀ ಅಂಗಳಕ್ಕೆ ಬಂದ ವ್ಯಾಪಾರಿ ಚೀಲಕ್ಕೆ ಕೈ ಹಾಕಿ, ಒಂದು ಗೋಟು ಒಡೆದು ನೋಡಿ ಹೇಳಿದ್ದೇ ಬೆಲೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು ಆ ಕಷ್ಟದಿಂದಲೇ. ಮಾರುವವಳಿಗೆ ಬೆಲೆ ಹೇಳುವ ಹಕ್ಕು ಕಾಗದದಲ್ಲಿ ಬಂದದ್ದು ನನ್ನ ಮಟ್ಟಿಗೆ ಇದೇ ಮೊದಲು. ಅದನ್ನು ಓದಿದ ಸಂಜೆ ನಮ್ಮವರು ಇದ್ದಿದ್ದರೆ ಎಂದು ಬಹಳ ಅನಿಸಿತು.

ಆದರೆ ಆ ಹಕ್ಕಿಗೆ ಕೊಟ್ಟಿರುವ ಸಮಯ ಐದು ಕೆಲಸದ ದಿನ. ಸಾರ್ವಜನಿಕ ಪ್ರಕಟಣೆ ಹೊರಬಿದ್ದು ಏಳು ಕೆಲಸದ ದಿನದೊಳಗೆ ಈ ಐದು ದಿನ ಶುರುವಾಗಬೇಕು. ಪ್ರಕಟಣೆ ಬರುವುದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಒಂದು ಹಿಂದಿ ಪತ್ರಿಕೆಯಲ್ಲಿ, ಮತ್ತೆ ಷೇರು ವಿನಿಮಯ ಕೇಂದ್ರ ಇರುವ ಊರಿನ ಭಾಷೆಯ ಒಂದು ಪತ್ರಿಕೆಯಲ್ಲಿ. ಕೇಂದ್ರ ಇರುವುದು ಮುಂಬೈಯಲ್ಲಿ, ಹಾಗಾಗಿ ಮರಾಠಿ. ಪೆರ್ಲದ ಪೇಟೆಗೆ ಮರಾಠಿ ಪತ್ರಿಕೆ ಬರುವುದಿಲ್ಲ. ಆಟಿ ತಿಂಗಳ ಮಳೆಗೆ ಅಂಚೆಯೂ ಸಲೀಸಾಗಿ ಬರುವುದಿಲ್ಲ. ಬಂದರೂ ಅದು ಇಂಗ್ಲಿಷು. ಓದಿಸಿ, ಮಂಗಳೂರಿನ ಬ್ರೋಕರನ್ನು ಹಿಡಿದು, ಒಟಿಪಿಗೆಂದು ಫೋನು ಹಿಡಿದುಕೊಂಡು ಮನೆಯ ಹಿಂದಿನ ಗುಡ್ಡೆ ಹತ್ತಿ ನಿಲ್ಲುವಷ್ಟರಲ್ಲಿ ಐದು ದಿನ ಮುಗಿದಿರುತ್ತದೆ. ಮತ ಹಾಕಲು ನಾನು ಹಾಗೆಯೇ ಗುಡ್ಡೆ ಹತ್ತಿದೆ. ಮೊದಲ ಎರಡು ಒಟಿಪಿ ಹೊತ್ತು ಮೀರಿ ಬಂದವು, ಮೂರನೆಯದು ಕೈಗೂಡಿತು. ನಾನು ಬೇಡ ಎಂದು ಒತ್ತಿದೆ.

ಇದಕ್ಕೇ ನನ್ನ ಒಂದು ಬೇಡಿಕೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೂ ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಂತೆ ಇಲ್ಲಿಯ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅದನ್ನು ಉಳಿಸಿಕೊಳ್ಳಲು ಇಲ್ಲಿಯವರು ಎಷ್ಟು ಅರ್ಜಿ ಬರೆದಿದ್ದಾರೆಂದು ತಮ್ಮ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಜಾಗದ ತೆರಿಗೆಯ ವಿಷಯ ಕನ್ನಡದಲ್ಲಿ ಕೇಳುವ ಹಕ್ಕು ಇರುವ ನನಗೆ, ನನ್ನ ಪಿಂಚಣಿಯ ಹಣವನ್ನು ಯಾರು ಎಷ್ಟಕ್ಕೆ ಕೊಳ್ಳುತ್ತಾರೆಂದು ಕನ್ನಡದಲ್ಲಿ ತಿಳಿಯುವ ಹಕ್ಕು ಏಕಿಲ್ಲ? ಹಣ ಹಾಕಿ ಎಂದು ಕರೆಯುವ ಜಾಹೀರಾತು ಟಿವಿಯಲ್ಲಿ ಕನ್ನಡದಲ್ಲಿ ಬರುತ್ತದೆ. ಸೆಬಿ ತಾನೇ ಹೂಡಿಕೆದಾರರ ಕೈಪಿಡಿಯನ್ನು ಕನ್ನಡದಲ್ಲಿ ಹೊರತಂದಿದೆ. ಆದ್ದರಿಂದ ಆಗದ ಮಾತೇನಲ್ಲ. ಷೇರುದಾರ ಷೇರು ಇಡುವ ಡಿಮ್ಯಾಟ್ ಖಾತೆ ತೆರೆಯುವಾಗ ತನ್ನ ಭಾಷೆ ಯಾವುದೆಂದು ಬರೆಯಲಿ. ಡೀಲಿಸ್ಟ್ ಆಗುವ ಕಂಪನಿ ಆ ಭಾಷೆಯಲ್ಲಿ ಎರಡು ಪುಟದ ಸಾರಾಂಶ ಕಳಿಸಲಿ: ಬೆಲೆ ಎಷ್ಟು, ಕೊನೆಯ ದಿನ ಯಾವುದು, ಸುಮ್ಮನಿದ್ದರೆ ಏನಾಗುತ್ತದೆ. ಐದು ದಿನವನ್ನು ಹದಿನೈದು ಮಾಡಿದರೆ ಪ್ರವರ್ತಕರಿಗೆ ಏನೂ ಹಾನಿಯಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ ಎಂಬುದರಲ್ಲಿ ನಮ್ಮೂರಲ್ಲೇ ಬಹಳ ಗೊಂದಲವಿದೆ. 2021ರಲ್ಲಿ ದಿವಾನ್ ಹೌಸಿಂಗ್ ಕಂಪನಿಯ ಷೇರುಗಳು ಸೊನ್ನೆಯಾದದ್ದನ್ನು ಕಂಡವರು, ಸಿಕ್ಕಿದಷ್ಟಕ್ಕೆ ಮಾರಿಬಿಡಿ ಎಂದು ಹೆದರಿಸುತ್ತಿದ್ದಾರೆ. ಅದು ದಿವಾಳಿ ಕಾನೂನಿನಡಿ ಆದದ್ದು, ಇದು ಪ್ರವರ್ತಕರು ತಾವಾಗಿ ಹೊರಹೋಗುವುದು. ಇಲ್ಲಿ ಡೀಲಿಸ್ಟ್ ಆದ ಮೇಲೂ ಒಂದು ವರ್ಷ ಅದೇ ಬೆಲೆಗೆ ಅವರು ನಮ್ಮಿಂದ ಕೊಳ್ಳಲೇಬೇಕು. ವರ್ಷ ಕಳೆದರೆ ಮಾತ್ರ ಕಷ್ಟ, ಷೇರು ಖಾತೆಯಲ್ಲಿರುತ್ತದೆ, ಮಾರಲು ಪೇಟೆ ಇರುವುದಿಲ್ಲ. ಬ್ರಿಟನ್ನಿನಲ್ಲಿರುವ ಅಣ್ಣನ ಮಗಳು ಹೇಳಿದಳು, ಅಲ್ಲಿಯ ಸೂಪರ್‌ಡ್ರೈ ಎಂಬ ಉಡುಪಿನ ಕಂಪನಿ 2010ರಲ್ಲಿ 500 ಪೆನ್ಸಿಗೆ ಷೇರು ಮಾರಿ ಪೇಟೆಗೆ ಬಂದು, ನಷ್ಟದಲ್ಲಿ ಮುಳುಗಿ, 2024ರ ಜುಲೈಯಲ್ಲಿ ಲಂಡನ್ ಪೇಟೆ ಬಿಟ್ಟಿತಂತೆ. ಹೊರಹೋಗುವಾಗ ಸಣ್ಣವರ ಷೇರು ಕೊಂಡೇ ಹೋಗಬೇಕೆಂಬ ಕಟ್ಟುಪಾಡು ಅಲ್ಲಿ ಇಲ್ಲ. ಆ ಮಟ್ಟಿಗೆ ನಮ್ಮ ನಿಯಮವೇ ಮೇಲು.

ಇನ್ನೊಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. 2020ರ ಅಕ್ಟೋಬರಿನಲ್ಲಿ ವೇದಾಂತ ಕಂಪನಿ ಹೀಗೆಯೇ ಹೊರಹೋಗಲು ಹೊರಟಿತ್ತು. ತಳಬೆಲೆ 87 ರೂಪಾಯಿ 25 ಪೈಸೆ. ಎಲ್‌ಐಸಿ ತನ್ನ ಷೇರಿಗೆ 320 ರೂಪಾಯಿ ಕೇಳಿತು. ಬೇಕಾದಷ್ಟು ಷೇರು ಒಟ್ಟಾಗದೆ ಆ ಪ್ರಯತ್ನವೇ ಬಿದ್ದುಹೋಯಿತು. ನನ್ನ 300 ಷೇರಿನಿಂದ ಏನೂ ಆಗದು, ಗೊತ್ತು. ಆದರೆ ಶೇ. 90ರ ಲೆಕ್ಕ ತುಂಬುವುದು ಇಂಥ ಮುನ್ನೂರು ಮುನ್ನೂರರಿಂದಲೂ ಹೌದು.

ತಮ್ಮಲ್ಲಿ ಒಂದು ಕೋರಿಕೆ. ವಾಣಿಜ್ಯ ಪುಟದಲ್ಲಿ ಸೂಚ್ಯಂಕದ ಏರಿಳಿತ ದಿನವೂ ಬರುತ್ತದೆ. ಅದರ ಪಕ್ಕದಲ್ಲಿ ವಾರಕ್ಕೊಮ್ಮೆ, ಯಾವ ಕಂಪನಿ ಪೇಟೆ ಬಿಡುತ್ತಿದೆ, ಮತಕ್ಕೂ ಮಾರಾಟಕ್ಕೂ ಕೊನೆಯ ದಿನ ಯಾವುದು ಎಂದು ನಾಲ್ಕು ಸಾಲು ಹಾಕಿ. ಸೆಬಿಗೆ ನಾನು ಪ್ರತ್ಯೇಕ ಬರೆದಿದ್ದೇನೆ, ಕನ್ನಡದಲ್ಲೇ.

ನಮ್ಮ ಕಂಪನಿಯ ಮತದಾನ ಮುಗಿಯಲು ಇನ್ನು ಹನ್ನೊಂದು ದಿನವಿದೆ. ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯವರಲ್ಲಿ ಯಾರಿಗಾದರೂ ಇಂಥ ಇಂಗ್ಲಿಷ್ ನೋಟಿಸು ಬಂದು ಕಪಾಟಿನಲ್ಲಿ ಉಳಿದಿದ್ದರೆ, ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಊರಿನ ವಾಚನಾಲಯಕ್ಕೆ ತನ್ನಿ. ಡಿಕ್ಷನರಿ ನಾನು ತರುತ್ತೇನೆ, ಮಗಳೂ ಫೋನಿನಲ್ಲಿ ಸಿಗುತ್ತಾಳೆ. ಕಾಗದ ಒಟ್ಟಿಗೆ ಓದೋಣ.

ಇತಿ,
ನಿವೃತ್ತ ಕನ್ನಡ ಅಧ್ಯಾಪಿಕೆ,
ಪೆರ್ಲ, ಕಾಸರಗೋಡು ಜಿಲ್ಲೆ