ಲಗ್ನಪತ್ರಿಕೆಯ ದಪ್ಪ

ಪೋರ್ಟ್‌ಲ್ಯಾಂಡ್, ಒರೆಗಾನ್
ಮಾರ್ಚ್ 8, ಭಾನುವಾರ

ತೀರ್ಥರೂಪ ಕಾಕಾ ಅವರಿಗೆ ಶರಣು ಶರಣಾರ್ಥಿಗಳು.

ಇಲ್ಲಿ ನಾವೆಲ್ಲ ಕ್ಷೇಮ. ಭಾಲ್ಕಿಯಲ್ಲಿ ನೀವು, ಕಾಕಿ, ಅಪ್ಪ, ಅವ್ವ ಎಲ್ಲರೂ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ವಾರಕ್ಕೆರಡು ಸಲ ವಿಡಿಯೊ ಕರೆ ಮಾಡುವವನು ಕಾಗದ ಏಕೆ ಬರೆದ ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ನೀವು ‘ಹೂಂ, ಚೆನ್ನಾಗಿದ್ದೇನೆ’ ಎಂದು ಎರಡೇ ಮಾತಾಡಿ ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಅವ್ವ ಊಟದ ಸುದ್ದಿ ಹಿಡಿದರೆ ಮುಗಿಯಿತು. ನಿಮ್ಮೊಬ್ಬರಿಗೇ ಹೇಳಬೇಕಾದ ಮಾತು ಹಾಗೇ ಉಳಿದುಬಿಡುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಎಂಬತ್ತು ದಾಟಿದೆ. ಹರೆಯದಿಂದ ಮುಪ್ಪಿನವರೆಗೆ ಇಲ್ಲಿನ ಕಾಡುಗಳಲ್ಲಿ ಮರ ಕಡಿದ ಕೈ. ದೀಪಾವಳಿ ಮುಗಿದ ಮೇಲೆ ಒಂದು ದಿನ ಅವರು ತಮ್ಮ ಶೆಡ್ಡಿನಿಂದ ಹಳೆಯ ಚೈನ್ ಗರಗಸವೊಂದನ್ನು ತಂದು ನನ್ನ ಮುಂದಿಟ್ಟರು. ಹೋಮ್‌ಲೈಟ್ ಎಕ್ಸ್‌ಎಲ್-12. 1960ರ ದಶಕದಲ್ಲಿ ಬಂದ ಮಾದರಿ. ಹೆಸರಿನಲ್ಲಿರುವ 12 ಅದರ ತೂಕ: ಚೈನ್ ಓಡುವ ಪಟ್ಟಿಯಾದ ಬಾರ್, ಚೈನ್ ಎರಡನ್ನೂ ಬಿಟ್ಟು 12 ಪೌಂಡು, ಅಂದರೆ ಸುಮಾರು ಐದೂವರೆ ಕಿಲೊ. ಮೈ ಮೆಗ್ನೀಸಿಯಂನದು, ಅದಕ್ಕೇ ಅಷ್ಟು ಹಗುರ. ಎಂಜಿನ್ 54 ಸಿಸಿ, ಟೂ ಸ್ಟ್ರೋಕ್. ನಿಮ್ಮ ಲೂನಾದ ಅಣ್ಣ ಎಂದುಕೊಳ್ಳಿ. ಒಂದು ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಲ್ಲಿನ ಹುಡುಗ ಮುಚ್ಚಳವನ್ನೂ ತೆಗೆಯದೆ, ‘ಇದನ್ನು ಗೋಡೆಗೆ ತೂಗುಹಾಕಿ, ಚೆಂದ ಕಾಣುತ್ತದೆ’ ಎಂದ. ಆ ಮಾತಿಗೆ ಸಿಟ್ಟು ಬಂತು. ಆ ಸಿಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ದಿನ ಏನೂ ಬಿಚ್ಚಲಿಲ್ಲ. ನಿಮ್ಮ ರಿಪೇರಿ ಅಂಗಡಿಗೆ ಯಾವ ಗಾಡಿ ಬಂದರೂ ನೀವು ಪಾನಾ ಮುಟ್ಟುವ ಮುಂಚೆ ಕಿಕ್ಕನ್ನು ಕೈಯಿಂದ ಒತ್ತಿ ನೋಡುತ್ತಿದ್ದಿರಲ್ಲ, ಹಾಗೆ ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಗರಗಸವನ್ನು ಗಾಳಿಯಲ್ಲಿ ತೂಗಿಬಿಟ್ಟೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯ ಒತ್ತಡ, ಸತ್ತಿದ್ದರೆ ಬಾವಿಗೆ ಬಿಟ್ಟ ಕೊಡದಂತೆ ಸರ್ರನೆ ಇಳಿಯಬೇಕಿತ್ತು. ಇದು ಮೊಣಕಾಲು ನೋವಿನ ಮುದುಕಿ ಮೆಟ್ಟಿಲು ಇಳಿದಂತೆ ನಿಂತು ನಿಂತು ಇಳಿಯಿತು. ಸೈಲೆನ್ಸರ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಪಿಸ್ಟನ್ ಮೇಲೆ ಗೀರುಗಳಿರಲಿಲ್ಲ. ಕಡ್ಡಿಯಿಂದ ಒತ್ತಿದರೆ ರಿಂಗ್ ಒಳಗೆ ಸರಿದು ಮತ್ತೆ ಹೊರಬರುತ್ತಿತ್ತು. ಜೀವ ಇದೆ ಎಂದು ಗೊತ್ತಾಯಿತು.

ಕಾರ್ಬೊರೇಟರ್ ಮಾತ್ರ ನಮ್ಮ ಸ್ಕೂಟರುಗಳದ್ದರಂತಲ್ಲ. ತೇಲುತ್ತಾ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಇಲ್ಲ. ಮರ ಕಡಿಯುವವನು ಗರಗಸವನ್ನು ಅಡ್ಡ ಹಿಡಿಯುತ್ತಾನೆ, ತಲೆಕೆಳಗೂ ಹಿಡಿಯುತ್ತಾನೆ. ಫ್ಲೋಟ್ ಇದ್ದರೆ ಅಲ್ಲಿಗೆ ಎಂಜಿನ್ ಬಂದ್. ಅದಕ್ಕಾಗಿ ಒಳಗೆ ತೆಳ್ಳನೆಯ ಡಯಾಫ್ರಾಮ್ ಇಟ್ಟಿದ್ದಾರೆ, ಎಂಜಿನ್ನಿನ ಉಸಿರಿಗೆ ಸರಿಯಾಗಿ ಮಿಡಿದು ಪೆಟ್ರೋಲ್ ಎಳೆಯುತ್ತದೆ. ರೇಷ್ಮೆಯಂತೆ ಮೆತ್ತಗಿರಬೇಕಾದ ಆ ಪೊರೆ ಹಪ್ಪಳವಾಗಿತ್ತು, ಬೆರಳಲ್ಲಿ ಬಾಗಿಸಿದರೆ ಟಪ್ಪೆಂದಿತು. ಪೆಟ್ರೋಲ್ ಪೈಪು ಕರಗಿ ಪಾಕವಾಗಿತ್ತು. ಎರಡನ್ನೂ ಹೊಸದಾಗಿ ಹಾಕಿದೆ. ಇಲ್ಲಿನ ಪೆಟ್ರೋಲ್‌ನಲ್ಲಿ ಶೇ 10ರಷ್ಟು ಎಥೆನಾಲ್ ಇರುತ್ತದೆ. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ, ತೇವವನ್ನೂ ಎಳೆದುಕೊಳ್ಳುತ್ತದೆ. ಈಗ ನಿಮ್ಮಲ್ಲಿ ಶೇ 20 ಬಂದಿದೆಯಲ್ಲ, ಕಾಕಾ; ಕಬ್ಬು ಬೆಳೆಯುವ ನಮ್ಮ ಊರಿನವರು ಅದನ್ನು ಬೈಯುವಂತೆಯೂ ಇಲ್ಲ. ನಿಮ್ಮ ಚೇತಕ್ ತಿಂಗಳುಗಟ್ಟಲೆ ನಿಂತಿರುತ್ತದೆ. ನಿಲ್ಲಿಸುವ ಮುಂಚೆ ಟ್ಯಾಂಕ್ ಬರಿದು ಮಾಡಿಸಿ.

ಇನ್ನೊಂದು ತಮಾಷೆ. ಹಳೆಯ ಕೈಪಿಡಿಯಲ್ಲಿ 16 ಪಾಲು ಪೆಟ್ರೋಲ್‌ಗೆ 1 ಪಾಲು ಎಣ್ಣೆ ಎಂದಿದೆ. ಓದಿ ಒಬ್ಬನೇ ನಕ್ಕೆ. ಬೀದರಿನಲ್ಲಿ ಬಿದ್ರಿ ಎರಕಕ್ಕೂ 16 ಪಾಲು ಸತುವಿಗೆ 1 ಪಾಲು ತಾಮ್ರವಲ್ಲವೇ! ಆದರೆ ಅದು ಆ ಕಾಲದ ಎಣ್ಣೆಯ ಲೆಕ್ಕ. ಈಗಿನ ಎಣ್ಣೆ ಒಳ್ಳೆಯದು, ನಾನು 32ಕ್ಕೆ 1 ಹಾಕುತ್ತಿದ್ದೇನೆ.

ಇಷ್ಟಾದರೂ ಕಿಡಿ ಬರಲಿಲ್ಲ. ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಎರಡು ಲೋಹದ ತುದಿಗಳು, ಅಂದರೆ ಪಾಯಿಂಟ್, ಇರುವುದು ಮ್ಯಾಗ್ನೆಟ್ಟಿನ ಅಡಿಯಲ್ಲಿ. ಮ್ಯಾಗ್ನೆಟ್ಟಿನ ನಟ್ಟು ಬಿಚ್ಚಲು ಹೋದರೆ ಎಂಜಿನ್ನೇ ಜೊತೆಗೆ ತಿರುಗುತ್ತದೆ. ಆಗ ನಿಮ್ಮ ಸುತಲಿ ನೆನಪಾಯಿತು. ಪ್ಲಗ್ಗಿನ ತೂತಿನಿಂದ ಹತ್ತಿಯ ಹಗ್ಗ ತುರುಕಿದೆ, ಪಿಸ್ಟನ್ ಅದಕ್ಕೆ ಒರಗಿ ನಿಂತಿತು, ನಟ್ಟು ಸಡಿಲಾಯಿತು. ಒಳಗೆ ಪಾಯಿಂಟುಗಳ ಮೇಲೆ ಹಸಿರು ಕಿಲುಬು. ಉಜ್ಜಿ ಹೊಳಪು ಬರಿಸಿದೆ. ಇನ್ನು ಸಂದಿ 0.38 ಮಿಲಿಮೀಟರ್ ಇಡಬೇಕು. ಸಂದಿ ಅಳೆಯಲು ತರಿಸಿದ್ದ ಗೇಜ್ ಬಂದಿರಲಿಲ್ಲ, ನನಗೆ ತಾಳ್ಮೆ ಇರಲಿಲ್ಲ. ಕಪಾಟಿನಲ್ಲಿ ಅಕ್ಕನ ಲಗ್ನಪತ್ರಿಕೆ ಇತ್ತು, ಮೂಲೆಯಲ್ಲಿ ಇನ್ನೂ ಅರಿಶಿನ. ನೀವು ಯಾವಾಗಲೂ ಅಂಗಿಯ ಜೇಬಿನಿಂದ ಯಾರದೋ ಲಗ್ನಪತ್ರಿಕೆ ತೆಗೆದು ಪಾಯಿಂಟುಗಳ ನಡುವೆ ಎಳೆಯುತ್ತಿದ್ದಿರಿ, ‘ಹಿಡಿಯಬೇಕು, ಆದರೆ ಹರಿಯಬಾರದು’ ಎನ್ನುತ್ತಿದ್ದಿರಿ. ಹಾಗೇ ಎಳೆದೆ. ಹಿಡಿಯಿತು, ಹರಿಯಲಿಲ್ಲ. ಪಾಯಿಂಟಿಗೆ ಅಂಟಿದ್ದ ನನ್ನ ಬೆರಳಿನ ಎಣ್ಣೆಯನ್ನೂ ಅದೇ ಕಾಗದ ಒರೆಸಿತು. ಅಷ್ಟು ಎಣ್ಣೆ ಸಾಕು, ಕಿಡಿ ಸಾಯುತ್ತದೆ. ಮರುದಿನ ಗೇಜ್ ಬಂದಾಗ ಪತ್ರಿಕೆಯನ್ನೇ ಅಳೆದೆ. 0.36. ನಿಮ್ಮ ಅಳತೆಯಲ್ಲಿ ತಪ್ಪು ಇಷ್ಟೇ, ಕಾಕಾ.

ಏಳನೆಯ ಎಳೆತಕ್ಕೆ ಕೆಮ್ಮಿತು. ಒಂಬತ್ತನೆಯದಕ್ಕೆ ಹೊತ್ತಿಕೊಂಡಿತು. ಶೆಡ್ಡಿನ ತುಂಬ ನೀಲಿ ಹೊಗೆ, ನಿಮ್ಮ ಅಂಗಡಿಯ ವಾಸನೆ.

ಆಮೇಲೆ ನಾನು ಮಾಡಿದ ದಡ್ಡತನ ಕೇಳಿ. ಪೂರ್ತಿ ರೇಸಿಗೆ ದನಿ ಒರಟಾಗಿತ್ತು, ಗುಡುಗುಡು ಎನ್ನುತ್ತಿತ್ತು. ಕಾರ್ಬೊರೇಟರಿನ ಪೆಟ್ರೋಲ್ ಸ್ಕ್ರೂ ಬಿಗಿ ಮಾಡುತ್ತಾ ಹೋದೆ. ದನಿ ಏರಿ ಸಣ್ಣಗೆ, ಇಂಪಾಗಿ ಹಾಡತೊಡಗಿತು. ಅಜ್ಜ ಬೇಲಿಯಾಚೆಯಿಂದ ಕೂಗುತ್ತಾ ಓಡಿಬಂದು ಬಂದ್ ಮಾಡಿದರು. ಇಂಪಾಗಿ ಹಾಡಿದರೆ ಪೆಟ್ರೋಲ್, ಅದರ ಜೊತೆ ಬರುವ ಎಣ್ಣೆ ಸಾಲದು ಎಂದರ್ಥ, ಇನ್ನೆರಡು ನಿಮಿಷವಾಗಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು. ಖಾಲಿ ಇದ್ದಾಗ ಗೊಣಗಬೇಕು, ಮರಕ್ಕೆ ಹಚ್ಚಿದಾಗ ದನಿ ತಿಳಿಯಾಗಬೇಕು. ರಾಜದೂತ್ ಒಂದರ ವಿಷಯದಲ್ಲಿ ನೀವು ನನ್ನ ತಲೆಗೆ ಮೊಟಕಿ ಹೇಳಿದ್ದೂ ಇದನ್ನೇ. ಎರಡನೆಯ ಸಲ ಬೈಸಿಕೊಂಡೆ, ಬೇರೆ ಭಾಷೆಯಲ್ಲಿ.

ಅಜ್ಜ ಹೇಳಿದ ಒಂದು ಸಂಗತಿ ಅಪ್ಪನಿಗೂ ಹೇಳಿ, ತೊಗರಿ ಬೆಳೆಯುವವರಿಗೆ ಮಜವೆನಿಸುತ್ತದೆ. 1946ರಲ್ಲಿ ಇದೇ ಒರೆಗಾನ್‌ನ ಜೋ ಕಾಕ್ಸ್ ಎಂಬ ಮರ ಕಡಿಯುವವನು ಸೌದೆ ಒಡೆಯುತ್ತಿದ್ದಾಗ ಬೊಡ್ಡೆಯಲ್ಲಿ ಕೊರಕ ದುಂಬಿಯ ಮರಿಹುಳು ಕಂಡನಂತೆ. ಆಗಿನ ಚೈನುಗಳಿಗೆ ಕೈಗರಗಸದಂಥ ಹಲ್ಲು. ಮರವನ್ನು ಗೀರುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಈ ಹುಳು ಮಾತ್ರ ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಾಗಿ ಕೊರೆಯುತ್ತಿತ್ತು, ಬಾಗಿದ ಎರಡು ದವಡೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ. ಕಾಕ್ಸ್ ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿ, 1947ರಲ್ಲಿ ಈ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಚೈನ್ ತಯಾರಿಸತೊಡಗಿದ. ಇಂದಿನ ಚೈನುಗಳಿಗೂ ಅದೇ ಮೂಲ. ಕಾಯಿಕೊರಕ ಕಂಡ ಕೂಡಲೇ ಔಷಧ ಹೊಡೆಯುವ ನಾವು ಅದರ ಬಾಯಿಯನ್ನು ಯಾವತ್ತಾದರೂ ನೋಡಿದ್ದೇವೆಯೇ?

ಅವ್ವನಿಗೆ ಹೇಳಿ, ನಾನು ಇದರಿಂದ ಮರ ಕಡಿಯುವುದಿಲ್ಲ. ಇದಕ್ಕೆ ಚೈನ್ ಬ್ರೇಕ್ ಇಲ್ಲ, ಗರಗಸ ಹಿಂದಕ್ಕೆ ಒದೆದರೆ ತಡೆಯುವವರಿಲ್ಲ. ಕಂಪನ ತಡೆಯುವ ರಬ್ಬರೂ ಇಲ್ಲ. ವರ್ಷಗಟ್ಟಲೆ ಆ ಕಂಪನ ತಿಂದ ಅಜ್ಜನ ಬೆರಳುಗಳು ಚಳಿಗೆ ಸುಣ್ಣದಂತೆ ಬಿಳುಚಿಕೊಳ್ಳುವುದನ್ನು ನೋಡಿದ್ದೇನೆ.

ಇನ್ನು ಆ ಸಿಟ್ಟಿನ ವಿಷಯ. ಹೋದ ಸಲ ಎಳ್ಳಮಾವಾಸ್ಯೆಗೆ ಬಂದಾಗ, ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಎಲ್ಲರೂ ಕುಳಿತಿದ್ದೆವು. ‘ಅಂಗಡಿಯ ಹಳೆಯ ಕಬ್ಬಿಣವನ್ನೆಲ್ಲ ಗುಜರಿಗೆ ಹಾಕಿ, ಕಾಕಾ. ಜಾಗಕ್ಕಾದರೂ ಬಾಡಿಗೆ ಬರುತ್ತದೆ’ ಎಂದುಬಿಟ್ಟೆ. ನೀವು ಏನೂ ಅನ್ನದೆ ಅಂಬಲಿಯ ಲೋಟವನ್ನೇ ನೋಡುತ್ತಾ ಕುಳಿತಿರಿ. ಗೋಡೆಗೆ ತೂಗುಹಾಕಿ ಎಂದ ಆ ಹುಡುಗನೂ ನಾನೂ ಒಂದೇ ಮಾತು ಆಡಿದ್ದೆವು. ತಪ್ಪಾಯಿತು, ಕಾಕಾ.

ಗುಜರಿಯವನು ಬಂದು ನೋಡಿಹೋದ ಎಂದು ತಮ್ಮ ಹೇಳಿದ. ಅಂಗಡಿ ಬಾಡಿಗೆಗೆ ಕೊಡುವುದು ಬಿಡುವುದು ನಿಮ್ಮಿಷ್ಟ. ಕಿಟಕಿಯ ಮೇಲಿನ ಹಲಗೆಯಲ್ಲಿ ಒಂದು ಡಾಲ್ಡಾ ಡಬ್ಬಿ ಇದೆ, ಅದರಲ್ಲಿ ಪಾಯಿಂಟ್ ಉಜ್ಜುವ ಸಣ್ಣ ಅರ, ಮ್ಯಾಗ್ನೆಟ್ ಎಳೆಯುವ ಪುಲ್ಲರ್, ಎರಡು ಕಂಡೆನ್ಸರ್ ಇರಬೇಕು. ಅದನ್ನು ಮಾತ್ರ ಕೊಡಬೇಡಿ. ಮೇ ತಿಂಗಳಲ್ಲಿ ಅಕ್ಕ ಹೈದರಾಬಾದಿನಿಂದ ವಿಮಾನ ಹತ್ತುತ್ತಾಳೆ. ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು, ಅವಳ ದೊಡ್ಡ ಪೆಟ್ಟಿಗೆಯ ತಳಕ್ಕೆ ಸೇರಿಸಿ. ಶೇಂಗಾ ಹಿಂಡಿಯ ಜಾಗ ಹೋಯಿತೆಂದು ಅವ್ವ ಜಗಳ ತೆಗೆದರೆ, ಎರಡು ಕಿಲೊ ಹಿಂಡಿ ಕಡಿಮೆ ಮಾಡಲು ನಾನೇ ಹೇಳಿದೆ ಎನ್ನಿ.

ಇಂತಿ ನಿಮ್ಮ
ಛೋಟಾ ಮಿಸ್ತ್ರಿ